ಉಗುರು ದಪ್ಪದ ಸಂದು

ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಹಲ್ಲಿನ ಡಾಕ್ಟರ ಮನೆಗೆ ಹೋಗಿ ಪರದೆ ಹೊಲಿಯಲು ಕಿಟಕಿಗಳ ಅಳತೆ ತಂದೆ. ಹಾಲ್‌ಗೆ ಬೂದಿ ಬಣ್ಣ. ಮಲಗುವ ಕೋಣೆಗೆ ಬೆಳಕು ಒಂದಿಷ್ಟೂ ನುಸುಳದಂಥ ದಪ್ಪ ಬಟ್ಟೆ ಬೇಕಂತೆ. ಡಾಕ್ಟರ ಹೆಂಡತಿ ಮಾದರಿ ತುಂಡುಗಳನ್ನೆಲ್ಲ ಸೋಫಾದ ಮೇಲೆ ಹರಡಿಕೊಂಡು ಕೂತರು, ಎದ್ದರು, ಮತ್ತೆ ಕೂತರು. ಕೊನೆಗೆ ಮೊದಲು ಮುಟ್ಟಿದ್ದನ್ನೇ ಆರಿಸಿದರು. ಯಾವಾಗಲೂ ಹಾಗೇ.

ಮನೆಗೆ ಬಂದರೆ ಇವರು ಇನ್ನೂ ಮಷಿನ್ ಬಿಟ್ಟು ಎದ್ದಿಲ್ಲ. ಊಟಕ್ಕೆ ಕರೆದರೆ "ಇದೊಂದು ಅಂಚು..." ಮದುವೆಯಾದಾಗಿನಿಂದ ಇವರ ಅದೊಂದು ಅಂಚು ಮುಗಿದಿಲ್ಲ. ಅಳೆಯುವುದು, ಗಾಡಿ ಓಡಿಸುವುದು, ಗಿರಾಕಿಗಳ ಜೊತೆ ಮಾತಾಡುವುದು ನನ್ನ ಪಾಲು. ಹೊಲಿಯುವುದು ಮತ್ತು ಸುಮ್ಮನಿರುವುದು ಇವರ ಪಾಲು. ಅಂಗಡಿ ನಡೆದದ್ದೇ ಹೀಗೆ.

ನಮ್ಮ ಹಳೇ ಕಾರು ಈಗ ಚೆನ್ನಾಗಿದೆ. ಹೋದ ತಿಂಗಳು ಗ್ಯಾರೇಜಿನವನು ಡಿಸ್ಟ್ರಿಬ್ಯೂಟರ್‌ಗೆ ಹೊಸ ಪಾಯಿಂಟ್ ಹಾಕಿಕೊಟ್ಟ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್. ಮುದುಕಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ. ನಾಡಿದ್ದು ಗುರುವಾರ, ಮೊಮ್ಮಗಳು ಪುಟ್ಟಿಯನ್ನು ಸ್ಕೂಲಿನಿಂದ ಕರೆತರುವ ದಿನ. ಹಿಂದಿನ ಸೀಟಿನ ಮೇಲಿರುವ ಬಟ್ಟೆ ಸುರುಳಿಗಳನ್ನು ಇಳಿಸಬೇಕು.

ಮಾರ್ಚ್ 5, ಗುರುವಾರ, ಸಂಜೆ

ಪುಟ್ಟಿ ಕ್ಷೇಮವಾಗಿದ್ದಾಳೆ. ಅದನ್ನು ಮೊದಲು ಬರೆದುಬಿಡುತ್ತೇನೆ.

ಸ್ಕೂಲಿನಿಂದ ಬರುವಾಗ ರೈಲ್ವೆ ಗೇಟು ಹಾಕಿತ್ತು. ಬಿಸಿಲು ಸುಡುತ್ತಿತ್ತು. ಗೂಡ್ಸ್ ಹೋಯಿತು, ಗೇಟು ತೆಗೆದರು. ಎದುರಿನಿಂದ ಬಂದ ಲಾರಿಗಳಿಂದಾಗಿ ಎಲ್ಲರೂ ಇರುವೆ ಸಾಲಿನಂತೆ ಹೊರಟೆವು. ಸರಿಯಾಗಿ ಹಳಿಯ ಮೇಲೆ ಬಂದಾಗ ಗಾಡಿ ಎರಡು ಸಲ ಬಿಕ್ಕಿ, ನಿಂತುಬಿಟ್ಟಿತು.

ಕೀ ತಿರುಗಿಸಿದೆ. ಕ್ರ್‌ರ್... ಕ್ರ್‌ರ್... ಮತ್ತೆ. ಮತ್ತೆ. ಹಿಂದಿನವರ ಹಾರ್ನ್. ಗೇಟಿನವರು ಹಸಿರು ಬಾವುಟ ಎಸೆದು ಕೆಂಪು ಹಿಡಿದು ಓಡಿ ಬಂದದ್ದು ಕಂಡಿತು. ನನಗೆ ಮಾಡಬೇಕಾದ್ದು ಒಂದೂ ಹೊಳೆಯಲಿಲ್ಲ. ಮಗುವನ್ನು ಎತ್ತಿಕೊಂಡು ಇಳಿಯಬೇಕಿತ್ತು. ಇಳಿಯಲಿಲ್ಲ. ಕೀ ತಿರುಗಿಸುತ್ತಲೇ ಇದ್ದೆ.

ಬೈಕಿನವರು ಇಬ್ಬರು ಇಳಿದು ತಳ್ಳಿದರು. ಹಳಿ ದಾಟಿತು. ಮುಂದಿನ ರೈಲು ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಆದರೂ... ಬಂದೇ ಬಂತಲ್ಲ.

ಪುಟ್ಟಿಗೆ ಆಟ. "ಅಜ್ಜೀ, ಇನ್ನೊಂದ್ಸಲ ತಳ್ಸು!"

ಬೇವಿನ ಮರದ ನೆರಳಲ್ಲಿ ಕೂತು ನೀರು ಕುಡಿದೆವು. ಆಮೇಲೆ ಕೀ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಗಾಡಿ ಗುರ್ ಅಂದಿತು. ಗೇಟಿನವರು ನನ್ನ ಮುಖ ನೋಡಿ ಮೆತ್ತಗೆ ಹೇಳಿದರು: "ಗಾಬರೀಲಿ ಕ್ಲಚ್ ಬಿಟ್ಟಿದೀರೇನೋ ಅಮ್ಮಾ."

ಬಿಟ್ಟೆನೇ? ಕಾಲು ಎಲ್ಲಿತ್ತು? ಎಷ್ಟು ನೆನಪಿಸಿಕೊಂಡರೂ ಬರುತ್ತಿಲ್ಲ.

ಮಾರ್ಚ್ 6, ಶುಕ್ರವಾರ

ಪುಟ್ಟಿ ಮನೆಗೆ ಹೋಗಿ ಕುಣಿಕುಣಿದು ಹೇಳಿದ್ದಾಳೆ. ಬೆಳಿಗ್ಗೆಯೇ ಮಗಳು ಬಂದಳು. ಆಫೀಸಿಗೆ ಹೋಗುವ ಬಟ್ಟೆ, ಚಪ್ಪಲಿ ಕೂಡ ಬಿಡಲಿಲ್ಲ.

"ಅಮ್ಮಾ, ಹಳಿ ಮೇಲಾ?"

"ಗಾಡಿ ನಿಂತುಹೋಯ್ತು ಕಣೇ."

"ನಿಂತಿತಾ, ನೀನು ನಿಲ್ಲಿಸಿದ್ಯಾ?"

ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಕೂಗಲಿಲ್ಲ. ಕಣ್ಣು ಕೆಂಪಗಿದ್ದವು, ನಿದ್ದೆ ಮಾಡಿರಲಿಲ್ಲ. "ಬೇಜಾರು ಮಾಡ್ಕೋಬೇಡ. ಸ್ವಲ್ಪ ದಿನ ಪುಟ್ಟಿನ ನಿನ್ನ ಜೊತೆ ಗಾಡೀಲಿ ಕಳಿಸಲ್ಲ" ಎಂದಳು. ಸ್ವಲ್ಪ ದಿನ ಅಂದರೆ ಎಷ್ಟು ಎಂದು ನಾನು ಕೇಳಲಿಲ್ಲ.

ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಅವನು ಬಾನೆಟ್ ಎತ್ತಿದ, ಕಿವಿಗೊಟ್ಟ, ರೇಸ್ ಮಾಡಿದ, ಬೀದಿಯ ಕೊನೆಯವರೆಗೆ ಓಡಿಸಿ ಬಂದ. "ಏನೂ ಇಲ್ಲ ಮೇಡಂ. ಪಾಯಿಂಟ್ ಹೊಸದು. ಬೆಣ್ಣೆ ಹಾಗೆ ಓಡ್ತಿದೆ." ಏನಾದರೂ ಕೆಟ್ಟಿದೆ ಅನ್ನಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ.

ಮಾರ್ಚ್ 8, ಭಾನುವಾರ

ಮಗಳು, ಅಳಿಯ ಊಟಕ್ಕೆ ಬಂದಿದ್ದರು. ಅಳಿಯ ಒಳ್ಳೆಯವನು, ಮಾತು ಸುತ್ತಿ ಬಳಸಿ ಬರುತ್ತದೆ. ಈಗಿನ ಕಾರುಗಳಲ್ಲಿ ಕ್ಲಚ್ಚೇ ಇಲ್ಲವಂತೆ, ಗೇರೂ ಹಾಕಬೇಕಿಲ್ಲವಂತೆ, ನಿಂತರೂ ಅದೇ ನಿಲ್ಲುತ್ತದೆ ಹೊರಟರೂ ಅದೇ ಹೊರಡುತ್ತದಂತೆ. "ವಯಸ್ಸಾದವರಿಗೆ ತುಂಬಾ ಅನುಕೂಲ ಅತ್ತೆ." ಮಗಳು ಮೇಜಿನ ಕೆಳಗೆ ಅವನ ಕಾಲು ತುಳಿದದ್ದು ನನಗೆ ಗೊತ್ತಾಯಿತು.

ಅವರು ಹೋದ ಮೇಲೆ ಗಾಡಿಯ ಕೀಯನ್ನು ಕತ್ತರಿ ನೇತುಹಾಕುವ ಮೊಳೆಗೆ ಹಾಕಿದೆ. ಯಾರೂ ಕಿತ್ತುಕೊಂಡದ್ದಲ್ಲ. ನಾನೇ ಹಾಕಿದ್ದು.

ಇವರು ನೋಡಿದರು. ಮಷಿನ್ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು.

ಮಾರ್ಚ್ 14, ಶನಿವಾರ

ಹಲ್ಲಿನ ಡಾಕ್ಟರ ಮನೆಯ ಪರದೆ ಗಿಡ್ಡ.

ಆಟೋದಲ್ಲಿ ಒಯ್ದು, ಏಣಿ ಹತ್ತಿ ನೇತುಹಾಕಿದರೆ, ನೆಲ ಮುಟ್ಟಬೇಕಾದದ್ದು ಅರ್ಧ ಮೊಳ ಮೇಲೆ ನಿಂತಿತು. ಮಳೆನೀರಿನಲ್ಲಿ ಸೀರೆ ಎತ್ತಿಕೊಂಡು ನಿಂತವರ ಹಾಗೆ. ಡಾಕ್ಟರ ಹೆಂಡತಿ ನಕ್ಕರು, ನಾನೂ ನಕ್ಕೆ. ಚೀಟಿ ತೆಗೆದು ನೋಡಿದರೆ ನನ್ನ ಕೈಬರಹವೇ. ತಪ್ಪು ಅಂಕಿ.

ಈ ಕೆಲಸದಲ್ಲಿ ಹಿಂದೆಯೂ ತಪ್ಪಿದ್ದೇನೆ. ಯಾರು ತಪ್ಪುವುದಿಲ್ಲ? ಆದರೆ ಆಗ ತಪ್ಪು ಬರೀ ತಪ್ಪಾಗಿತ್ತು. ಈಗ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಮೊನ್ನೆ ಪಕ್ಕದ ಅಂಗಡಿಯವಳ ಮಗನನ್ನು ಅವನ ಅಣ್ಣನ ಹೆಸರಿನಿಂದ ಕರೆದೆ. ನಿನ್ನೆ ಒಲೆ ಆರಿಸಿದೆನಾ ಎಂದು ಬೀದಿಯ ತಿರುವಿನಿಂದ ವಾಪಸ್ ಬಂದೆ. ಆರಿಸಿದ್ದೆ.

ಅಕ್ಕನಿಗೂ ಮರೆವು ಶುರುವಾದದ್ದು ಹೀಗೇ ಅಲ್ಲವೇ. ಮೊದಲು ಒಲೆ. ಆಮೇಲೆ ಹೆಸರುಗಳು.

ಮಾರ್ಚ್ 19, ಗುರುವಾರ

ಪುಟ್ಟಿ ಈಗ ಸ್ಕೂಲ್ ವ್ಯಾನಿನಲ್ಲಿ ಬರುತ್ತಾಳೆ. ಗುರುವಾರದ ಮಧ್ಯಾಹ್ನ ಖಾಲಿ ಬಿತ್ತು. ಬಸ್ಸು ಹಿಡಿದು ಅಕ್ಕನನ್ನು ನೋಡಲು ಹೋದೆ. ಎರಡು ಬಸ್ಸು ಬದಲಿಸಬೇಕು. ಗಾಡಿಯಿದ್ದಾಗ ಮನಸ್ಸು ಬಂದಾಗ ಹೋಗಿ ಬರುತ್ತಿದ್ದೆ.

ಆರೈಕೆಯ ಮನೆಯ ಹಿಂದಿನ ವರಾಂಡದಲ್ಲಿ ಕೂತಿದ್ದಳು. ತಲೆ ಬಾಚಿ ಜಡೆ ಹಾಕಿದ್ದರು. ಚೆಂದ ಕಾಣುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು, "ಅಮ್ಮಾ, ಇಷ್ಟೊತ್ತು ಎಲ್ಲಿಗೆ ಹೋಗಿದ್ದೆ?" ಅಂದಳು. ನಾನು ಅಮ್ಮನ ಹಾಗೇ ಇದ್ದೇನಂತೆ, ಎಲ್ಲರೂ ಹೇಳುತ್ತಾರೆ. "ಇಲ್ಲೇ ಇದ್ದೆ ಮಗಾ" ಅಂದೆ. ಇನ್ನೇನು ಹೇಳಲಿ. ಮಡಿಲಲ್ಲಿ ತಲೆಯಿಟ್ಟು ಮಲಗಿದಳು.

ಆಯಾ ಹೇಳಿದಳು: "ನಿಮ್ಮ ಅಕ್ಕ ಒಳ್ಳೇವ್ರು. ಒಂದು ದಿನಕ್ಕೂ ಹಟ ಮಾಡಿಲ್ಲ." ಹಟಮಾರಿತನದಲ್ಲಿ ಇಡೀ ಮನೆತನಕ್ಕೆ ಹೆಸರಾದವಳು ನನ್ನಕ್ಕ. ಆ ಹಟವೂ ಹೋಯಿತು.

ಬಸ್ಸಿನಲ್ಲಿ ಬರುವಾಗ ಒಂದೇ ಯೋಚನೆ. ನಾನೂ ಹೀಗೆ ಒಳ್ಳೆಯವಳಾಗಿಬಿಟ್ಟರೆ?

ಮಾರ್ಚ್ 20, ಶುಕ್ರವಾರ

ನೆನಪಿನ ಡಾಕ್ಟರ ಬಳಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಏಪ್ರಿಲ್ 2. ಇವರಿಗೆ ಮಾತ್ರ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಮತ್ತೆ ಒದ್ದೆ ಮಾಡಿ...

"ನಾನೂ ಬರ್ತೀನಿ" ಅಂದರು.

ಮಾರ್ಚ್ 28, ಶನಿವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆದರೆ ಅದೇ ರಾಗ. ಇವತ್ತು ಬರೆಯಬೇಕು. ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

ಬಟ್ಟೆ ಮಿಲ್ಲಿನಿಂದ ಸುರುಳಿಗಳು ಬಂದಿದ್ದವು, ಗೋಡೌನಿನಿಂದ ತರಬೇಕಿತ್ತು. ಅಳಿಯನ ಕಾರಿನೊಳಗೆ ಅಷ್ಟುದ್ದದ ಸುರುಳಿ ಹಿಡಿಸುವುದಿಲ್ಲ. "ಅತ್ತೆ, ನಿಮ್ಮ ಗಾಡೀನೇ ಕೊಡಿ, ನಾನು ತಂದ್ಕೊಡ್ತೀನಿ" ಅಂದ. ಮೊಳೆಯಿಂದ ಕೀ ತೆಗೆದು ಕೊಟ್ಟೆ. ಇವರೂ ಜೊತೆಗೆ ಹೋದರು.

ಒಂದು ಗಂಟೆಯ ಕೆಲಸ. ಊಟದ ಹೊತ್ತಾದರೂ ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ನೋಡಿದರೆ ಬೀದಿಯ ತಿರುವಿನಲ್ಲಿ ಗಾಡಿ ಬರುತ್ತಿದೆ, ಸದ್ದಿಲ್ಲದೆ. ಒಳಗೆ ಸ್ಟೀರಿಂಗ್ ಹಿಡಿದು ಕೂತವರು ಇವರು! ಹುಟ್ಟಿದಾಗಿನಿಂದ ಗಾಡಿ ಓಡಿಸದವರು. ಹಿಂದೆ ಅಳಿಯ ತಳ್ಳುತ್ತಿದ್ದಾನೆ, ಶರ್ಟು ಬೆನ್ನಿಗೆ ಅಂಟಿದೆ. ಅವನ ಜೊತೆ ಹಣ್ಣಿನಂಗಡಿಯವನೊಬ್ಬ.

ಮಾರ್ಕೆಟ್ ಸರ್ಕಲ್ಲಿನಲ್ಲಿ ನಿಂತುಹೋಯಿತಂತೆ. ನಟ್ಟ ನಡುವೆ. ಹಿಂದೆ ಬಸ್ಸು, ಮುಂದೆ ಟ್ರಾಫಿಕ್ ಪೊಲೀಸ್. ಎರಡು ಸಲ ಬಿಕ್ಕಿ...

"ಎರಡು ಸಲ ಬಿಕ್ತಾ?" ಅಂದೆ.

"ಹೂಂ ಅತ್ತೆ. ಆಮೇಲೆ ಟಪ್ ಅಂತ ಆಫ್."

"ಕ್ಲಚ್ ಮೇಲೆ ಕಾಲಿತ್ತಾ?"

"ಇತ್ತು! ನಾನು ಪೂರ್ತಿ ಒತ್ತಿದ್ದೆ!" ಅಂದ. ಆಮೇಲೆ ಸಣ್ಣ ದನಿಯಲ್ಲಿ: "...ಒತ್ತಿದ್ದೆ ಅನ್ಸುತ್ತೆ."

ಅಡುಗೆಮನೆಗೆ ಓಡಿದೆ. ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ನಗುತ್ತ ನಗುತ್ತ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಯ್ಯೋ ಪಾಪ, ಹುಡುಗ ಬಿಸಿಲಲ್ಲಿ ಬೆಂದು ಬಂದಿದ್ದಾನೆ, ಅವನಿಗೆ ನೀರು ಕೊಡದೆ ನಗುತ್ತಿದ್ದೇನೆ. ಹೋದ ಜೀವ ಬಂದ ಹಾಗೆ ಅಂತಾರಲ್ಲ... ಇದೇ ಇರಬೇಕು.

ಇವರು ಬಾಗಿಲಲ್ಲಿ ನಿಂತು ನೋಡಿದರು. "ಸ್ಟೀರಿಂಗ್ ತುಂಬಾ ಗಟ್ಟಿ" ಅಂದರು. ಮತ್ತೆ ನಕ್ಕೆ.

ಮಾರ್ಚ್ 29, ಭಾನುವಾರ

ಮೈದುನನಿಗೆ ಫೋನ್ ಮಾಡಿದ್ದೆ. ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು, ಈಗ ರಿಟೈರ್ಡ್. ಮನೆಯಲ್ಲಿ ಎಲ್ಲರೂ ಅವನಿಗೆ ರೇಡಿಯೊ ಅನ್ನುತ್ತೇವೆ. ಅಣ್ಣನ ಪಾಲಿನ ಮಾತನ್ನೂ ದೇವರು ಅವನಿಗೇ ಕೊಟ್ಟಿದ್ದಾನೆ. ತಿಂಡಿಗೇ ಬಂದ. ಎಲ್ಲ ಕೇಳಿ ಮುಖ ಗಂಟಿಕ್ಕಿದ.

"ಹಳಿ ಮೇಲೆ ನಿಂತಿದ್ದು ಈ ತಿಂಗಳ ಶುರುವಲ್ಲಿ. ನನಗೆ ಹೇಳ್ತಿರೋದು ಇವತ್ತು. ಅಲ್ವಾ ಅತ್ತಿಗೆ?"

"ನನ್ನ ತಪ್ಪು ಅಂದ್ಕೊಂಡಿದ್ದೆ ಕಣೋ."

"ಗಾಡಿ ಕೆಟ್ರೆ ಗಾಡಿ ಬಿಚ್ಚಬೇಕು. ತಲೆ ಯಾಕೆ ಬಿಚ್ಚಕ್ಕೆ ಹೋದ್ರಿ?"

ಬಾನೆಟ್ ಎತ್ತಿದ. ಎಂಜಿನ್ನಿನ ಪಕ್ಕದಲ್ಲಿ ಒಂದು ಕಪ್ಪು ಮುಚ್ಚಳ, ಅದರ ತಲೆಯಿಂದ ದಪ್ಪ ವೈರುಗಳು ಹೊರಟಿವೆ. ಇಷ್ಟು ವರ್ಷ ಕಂಡಿದ್ದೇನೆ, ಒಳಗೆ ಏನಿದೆ ಎಂದು ನೋಡಿರಲಿಲ್ಲ. ಅದೇ ಡಿಸ್ಟ್ರಿಬ್ಯೂಟರ್. ಎರಡು ಕ್ಲಿಪ್ ಬಿಡಿಸಿ ಮುಚ್ಚಳ ಎತ್ತಿದ. ರೋಟರ್ ಅನ್ನುವ ಸಣ್ಣ ತುಂಡನ್ನು ಎಳೆದು ತೆಗೆದ. ಕೆಳಗೆ ಪುಟ್ಟ ಕೊಕ್ಕಿನಂಥದ್ದು, ಎರಡು ಮೂತಿ ಎದುರುಬದುರು. ಪಾಯಿಂಟ್ ಅಂದರೆ ಅದು.

"ನೋಡಿ ಅತ್ತಿಗೆ. ನಡುವೆ ಇರೋ ಈ ಕಂಬಕ್ಕೆ ನಾಲ್ಕು ಮೂಲೆ ಇದೆ. ಇದು ತಿರುಗುತ್ತೆ. ಮೂಲೆ ಬಂದಾಗ ಪಾಯಿಂಟಿನ ಈ ಹಿಮ್ಮಡೀನ ತಳ್ಳುತ್ತೆ, ಮೂತಿ ಬಿಡುತ್ತೆ. ಬಿಟ್ಟಾಗ್ಲೇ ಕಿಡಿ ಹುಟ್ಟೋದು, ಮುಟ್ಟಿದಾಗ ಅಲ್ಲ. ಎಷ್ಟು ಬಿಡಬೇಕು ಅಂತ ಲೆಕ್ಕ ಇದೆ. ನಿಮ್ಮ ಉಗುರು ಎಷ್ಟು ದಪ್ಪ? ಅಷ್ಟು ಸಂದು. ಜಾಸ್ತೀನೂ ಬೇಡ, ಕಮ್ಮೀನೂ ಬೇಡ."

ಗಾಡಿಯನ್ನು ಟಾಪ್ ಗೇರಿಗೆ ಹಾಕಿ, "ಅಣ್ಣಾ, ಮೆಲ್ಲಗೆ ತಳ್ಳು" ಅಂದ. ಇವರು ಹಿಂದಿನಿಂದ ತಳ್ಳಿದಂತೆ ಕಂಬ ತಿರುಗಿತು. "ಇನ್ನೊಂದು ಗೇಣು... ಸಾಕು ಸಾಕು, ಹೆಚ್ಚಾಯ್ತು, ಹಿಂದಕ್ಕೆ ಎಳಿ." ಇವರು ಹಿಂದೆ ಮುಂದೆ, ಹಿಂದೆ ಮುಂದೆ. ಭಾನುವಾರದ ಬೀದಿಯಲ್ಲಿ ನೋಡುವವರಿಗೆ ಒಳ್ಳೆಯ ಮೋಜು. ಹಿಮ್ಮಡಿ ಸರಿಯಾಗಿ ಮೂಲೆಯ ನೆತ್ತಿಗೆ ಬಂತು. ಅಂದರೆ ಮೂತಿಗಳು ಪೂರ್ತಿ ಬಾಯಿ ಬಿಟ್ಟಿರಬೇಕು.

ಬಿಟ್ಟಿರಲಿಲ್ಲ. ಕೂದಲೆಳೆಯಷ್ಟೇ ಸಂದು.

ಮೈದುನ ಬೆರಳಿಂದ ಆ ಕಂಬವನ್ನು ಸವರಿ ನನಗೆ ತೋರಿಸಿದ. ಒಣಗಿತ್ತು. "ಒಂದು ಚಿಟಿಕೆ ಗ್ರೀಸ್ ಹಚ್ಚಿಲ್ಲ ನೋಡಿ. ಒಣ ಕಬ್ಬಿಣಕ್ಕೆ ತಿಕ್ಕಿ ತಿಕ್ಕಿ ಹಿಮ್ಮಡಿ ಸವೆದಿದೆ. ಹಿಮ್ಮಡಿ ಸವೆದ ಹಾಗೆಲ್ಲ ಸಂದು ಮುಚ್ಕೊಳ್ತಾ ಬಂತು. ಸಂದು ಇಲ್ಲ ಅಂದ್ರೆ ಕಿಡಿಗೆ ಕರೆಂಟ್ ಕೊಡೋ ಈ ಕಾಯಿಲ್‌ಗೆ ಬಿಡುವಿಲ್ಲ. ಬಿಸಿಲಲ್ಲಿ, ನಿಧಾನಕ್ಕೆ ಹೋಗುವಾಗ, ಕಾದೂ ಕಾದೂ ಕೈ ಚೆಲ್ಲುತ್ತೆ. ನೆರಳಲ್ಲಿ ತಣ್ಣಗಾದ್ರೆ ಎದ್ದು ಕೂರುತ್ತೆ."

"ಅದಕ್ಕೇ ಗ್ಯಾರೇಜಲ್ಲಿ..."

"ಗ್ಯಾರೇಜಿಗೆ ಹೋದಾಗ ತಣ್ಣಗಿತ್ತು. ಸಂದು ಅಳೆಯದೆ ಬರೀ ಓಡಿಸಿ ನೋಡ್ದ. ಅವನೂ ಸುಳ್ಳು ಹೇಳ್ಲಿಲ್ಲ. ಎತ್ತಿಗೆ ಜ್ವರ ಬಂತು, ಎಮ್ಮೆಗೆ ಬರೆ ಬಿತ್ತು. ಅಷ್ಟೇ."

"ಎಮ್ಮೆ ಅಂದ್ಯಾ ನನಗೆ?"

"ಗಾದೆ ಅತ್ತಿಗೆ, ಗಾದೆ!"

ಅವನ ಹತ್ತಿರ ತೆಳು ತಗಡಿನ ಎಸಳುಗಳ ಗೇಜ್ ಇದೆ, ಬೀಸಣಿಗೆಯ ಹಾಗೆ ಬಿಚ್ಚುತ್ತದೆ, ಒಂದೊಂದು ಎಸಳೂ ಒಂದೊಂದು ದಪ್ಪ. ಸರಿಯಾದ ಎಸಳು ಆರಿಸಿ ಎರಡು ಮೂತಿಗಳ ನಡುವೆ ತೂರಿಸಿದ. ಸ್ಕ್ರೂ ಸಡಿಲ ಮಾಡಿ, ಪ್ಲೇಟನ್ನು ಒಂದಿಷ್ಟು ಜರುಗಿಸಿ, ಬಿಗಿ ಮಾಡಿದ. "ಈಗ ಎಸಳು ಎಳೆದು ನೋಡಿ."

ಎಳೆದೆ. ಗೊತ್ತಾಯಿತು! ಮಷಿನ್ನಿನ ಪಾದದ ಕೆಳಗೆ ಬಟ್ಟೆ ಹೇಗೆ ಹೋಗಬೇಕೋ ಹಾಗೆ. ಸಿಕ್ಕಿಕೊಳ್ಳಲೂ ಬಾರದು, ಜಾರಿ ಓಡಲೂ ಬಾರದು. ಹಿಡಿದೂ ಹಿಡಿಯದ ಹಾಗೆ. ಇದನ್ನು ನನ್ನ ಬೆರಳಿಗೆ ಯಾರೂ ಕಲಿಸಬೇಕಿಲ್ಲ.

ಗ್ರೀಸ್ ಹಚ್ಚಿ ಎಲ್ಲ ಮುಚ್ಚಿ ಸ್ಟಾರ್ಟ್ ಮಾಡಿದ. ಸದ್ದೇ ಬೇರೆ. ಇನ್ನೊಂದು ಹೊಸ ಪಾಯಿಂಟ್ ತಂದು ಹಾಕಬೇಕಂತೆ, ಇದರ ಹಿಮ್ಮಡಿ ತೀರಾ ಸವೆದಿದೆ. ಮುಂದಿನ ಭಾನುವಾರ. "ನೀವೇ ಹಾಕಿ, ನಾನು ಕುರ್ಚಿ ಹಾಕ್ಕೊಂಡು ಕೂತಿರ್ತೀನಿ" ಅಂದ.

ಏಪ್ರಿಲ್ 2, ಗುರುವಾರ

ಗಾಡಿಯದ್ದು ತಿಳಿಯಿತು. ಆದರೆ ಪರದೆಯ ಅಂಕಿ ತಪ್ಪು ಬರೆದದ್ದು ಪಾಯಿಂಟ್ ಅಲ್ಲವಲ್ಲ. ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಲಿಲ್ಲ.

ಡಾಕ್ಟರಮ್ಮ ನನಗಿಂತ ಚಿಕ್ಕವರು, ನನಗಿಂತ ಸುಸ್ತಾಗಿದ್ದರು. ಐದು ಪದ ಹೇಳಿದರು, ಆಮೇಲೆ ಕೇಳುತ್ತೇನೆ ಅಂದರು. ಗಡಿಯಾರದ ಚಿತ್ರ ಬರೆಸಿದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಟೇಪು ಹಿಡಿದು ಬದುಕಿದವಳಿಗೆ ಅದೇನು ಮಹಾ, ಗಡಗಡ ಹೇಳಿಬಿಟ್ಟೆ. ಅಕ್ಕನ ವಿಷಯ ಕೇಳಿದರು. ಅಕ್ಕನಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು, ಹೇಗೆ... ಎಲ್ಲ ಹೇಳಿದೆ. ಅವರು ಬರೆದುಕೊಂಡರು.

"ಈಗ ಆ ಐದು ಪದ ಹೇಳಿ."

"ಕುದುರೆ, ಬಕೆಟ್, ನಿಂಬೆಹಣ್ಣು, ಶಾಲು, ಸೇತುವೆ."

ಹಾಳೆ ನೋಡಿಕೊಂಡರು. "ಬಕೆಟ್ ಹೇಳಿದ್ನಾ ನಾನು?"

"ಹೇಳಿದ್ರಿ."

"ಬಾಗಿಲು ಅಂತ ಇದೆ ಇಲ್ಲಿ."

"ನೀವು ಬಕೆಟ್ ಅಂದ್ರಿ ಡಾಕ್ಟ್ರೇ."

ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಮೂಲೆಯಲ್ಲಿ ಕೂತಿದ್ದ ನರ್ಸ್ ಮೆಲ್ಲಗೆ ಹೇಳಿದಳು: "ಬಕೆಟ್ ಅಂದ್ರಿ ಮೇಡಂ." ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು ನಗತೊಡಗಿದರು. "ಬೆಳಗಿಂದ ಇದೇ ಕೆಲಸ, ನನ್ನ ಟೆಸ್ಟ್ ಯಾರು ಮಾಡ್ತಾರೋ!"

ಏನೂ ಇಲ್ಲವಂತೆ. ಇವತ್ತಿನ ಮಟ್ಟಿಗೆ ಏನೂ ಇಲ್ಲ. "ನಾಳೇದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ವರ್ಷಕ್ಕೊಂದ್ಸಲ ಬನ್ನಿ. ನಡುವೆ ನಿಮ್ಮನ್ನ ನೀವೇ ದಿನಾ ಟೆಸ್ಟ್ ಮಾಡ್ಕೋಬೇಡಿ. ಅದರಿಂದ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ರೆ ಯಾರಾದ್ರೂ ಮರೀತಾರೆ."

ಹೊರಗೆ ಇವರು ಬೆಂಚಿನ ಮೇಲೆ ಕೂತಿದ್ದರು. ಶರ್ಟಿನ ತೋಳಿನ ಅಂಚಿನಿಂದ ದಾರ ಎಳೆದೆಳೆದು ಅರ್ಧ ಅಂಚು ಬಿಚ್ಚಿಹಾಕಿದ್ದರು. ತಾವೇ ಹೊಲಿದ ಅಂಚು! "ಏನೂ ಇಲ್ಲವಂತೆ" ಅಂದೆ. ತಲೆಯಾಡಿಸಿದರು.

ಬಸ್ಸು ಹತ್ತಿ ಕೂತ ಮೇಲೆ ಶುರುಮಾಡಿದರು ನೋಡಿ. ಮಾತು! ಬಸ್ಸಿನ ಸೀಟಿನ ಬಟ್ಟೆ ಎಷ್ಟು ಕಳಪೆ, ಇದನ್ನು ಹೊಲಿದವನು ಯಾರು, ತಮ್ಮ ಚಿಕ್ಕಂದಿನ ದರ್ಜಿ ಗುರುಗಳು ಹೇಗೆ ಬೆರಳಿಗೆ ಹೊಡೆಯುತ್ತಿದ್ದರು, ಒಮ್ಮೆ ಮದುಮಗನ ಕೋಟಿಗೆ ತೋಳು ಉಲ್ಟಾ ಜೋಡಿಸಿದ್ದು... ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಸಂಸಾರ ಶುರುವಾದಾಗಿನಿಂದ ಒಟ್ಟು ಆಡಿದ ಮಾತನ್ನು ಇವತ್ತೊಂದೇ ದಿನ ಆಡಿದರು. ಕೊನೆಗೆ ನನ್ನ ಕಡೆ ನೋಡದೆ: "ಆ ಪರದೆ ಇದೆಯಲ್ಲ... ಅದು ಗಿಡ್ಡ ಆಗಿದ್ದು ನಾನು ಅಂಚು ಜಾಸ್ತಿ ಮಡಿಚಿದ್ದಕ್ಕೆ ಅನ್ಸುತ್ತೆ."

ಸುಳ್ಳು. ಚೀಟಿಯಲ್ಲಿರುವುದು ನನ್ನ ಅಂಕಿ. ಇಷ್ಟು ಮಾತು ಬಂದರೂ ಸುಳ್ಳು ಹೇಳಲು ಬರಲಿಲ್ಲ ಈ ಮನುಷ್ಯನಿಗೆ.

ಏಪ್ರಿಲ್ 5, ಭಾನುವಾರ

ಪಾಯಿಂಟ್ ನಾನೇ ಹಾಕಿದೆ!

ಮೈದುನ ಹೇಳಿದಂತೆ ಕುರ್ಚಿ ಹಾಕಿಕೊಂಡು ಕೂತ. ಕೂತದ್ದು ನಿಜ, ಸುಮ್ಮನೆ ಕೂತದ್ದಲ್ಲ. ಹಳೆಯದನ್ನು ಬಿಚ್ಚುವಾಗ ಸ್ಕ್ರೂ ಎಂಜಿನ್ ಒಳಗೆ ಬಿದ್ದರೆ ಗೋವಿಂದ ಅಂದ. ನಾನು ನನ್ನ ಸೂಜಿಗಳನ್ನು ಎತ್ತುವ ಅಯಸ್ಕಾಂತ ತಂದು ಇಟ್ಟುಕೊಂಡೆ. "ಡಿಪೋದಲ್ಲಿ ಯಾರಿಗೂ ಹೊಳೀಲಿಲ್ಲ ಇದು" ಅಂದ. ಹೊಗಳಿಕೆಯೋ, ಅಥವಾ ಡಿಪೋದಲ್ಲಿ ಎಷ್ಟು ಸ್ಕ್ರೂ ಬಿದ್ದಿದ್ದವೋ.

ಮೂತಿಗಳನ್ನು ಒಣ ಬಟ್ಟೆಯಿಂದ ಒರೆಸಿದೆ. ಇವರು ತಳ್ಳಿದರು. ಹಿಮ್ಮಡಿ ಮೂಲೆಯ ನೆತ್ತಿಗೆ ಬಂತು. ಎಸಳು ತೂರಿಸಿದೆ. ಬಿಗಿ ಮಾಡಿದಾಗ ಪ್ಲೇಟ್ ಒಂದಿಷ್ಟು ಜರುಗುತ್ತದೆ, ಸಂದು ಕೆಡುತ್ತದೆ. ಮತ್ತೆ ಸಡಿಲ, ಮತ್ತೆ ಬಿಗಿ. ಎಷ್ಟು ಸಲವೋ. ಕೊನೆಗೆ ಎಸಳು ಹಿಡಿದೂ ಹಿಡಿಯದ ಹಾಗೆ ಬಂತು. ಕಂಬಕ್ಕೆ ಅಕ್ಕಿಕಾಳಿನಷ್ಟು ಗ್ರೀಸ್. ಮುಚ್ಚಳ ಹಾಕಿ, ಕ್ಲಿಪ್ ಒತ್ತಿ, ಹೋಗಿ ಸೀಟಿನಲ್ಲಿ ಕೂತು ಕೀ ತಿರುಗಿಸಿದೆ.

ಕ್ರ್‌ರ್... ಕ್ರ್‌ರ್... ಕ್ರ್‌ರ್...

ಅದೇ ಸದ್ದು. ಇಳಿದು ಬಂದು ನೋಡಿದರೆ ರೇಡಿಯೇಟರ್ ಮೇಲೆ, ನನ್ನ ಕಣ್ಣೆದುರಿಗೇ, ರೋಟರ್ ಕೂತಿದೆ. ಹಾಕಲು ಮರೆತಿದ್ದೆ.

ಮರೆತಿದ್ದೆ.

ನನ್ನ ಮುಖ ಏನಾಯಿತೋ, ಮೈದುನ ಕುರ್ಚಿಯಿಂದ ಎದ್ದು ಬಂದ. "ಅತ್ತಿಗೆ, ಇಲ್ಲಿ ಕೇಳಿ. ರೋಟರ್ ಮರೀದೆ ಇರೋ ಮೆಕ್ಯಾನಿಕ್ ಈ ಭೂಮಿ ಮೇಲೆ ಹುಟ್ಟಿಲ್ಲ. ಸಾಹೇಬ್ರ ಪೆಟ್ರೋಲ್ ಜೀಪಿನ ರೋಟರ್‌ಗೆ ನಾನೊಂದ್ಸಲ ಇಡೀ ಡಿಪೋ ಹುಡುಕಿಸಿದೀನಿ, ಬೈದಿದೀನಿ ಎಲ್ಲರಿಗೂ. ಸಾಯಂಕಾಲ ಮನೇಲಿ ಪ್ಯಾಂಟ್ ಒಗೆಯುವಾಗ ನನ್ನ ಹೆಂಡತಿ ಜೇಬಿಂದ ತೆಗೆದು ಕೊಟ್ಲು. 'ಇದೇನು, ಚದುರಂಗದ ಕಾಯಾ?' ಅಂದ್ಲು. ಹಾಕಿ, ಹಾಕಿ. ತಣ್ಣಗಾಗಕ್ಕೆ ಮುಂಚೆ ಟೀ ಕುಡೀಬೇಕು."

ಹಾಕಿದೆ. ಸ್ಟಾರ್ಟ್. ಎಷ್ಟು ಮೆತ್ತಗಿನ ಸದ್ದು ಅಂದರೆ ಮಷಿನ್ ಕೋಣೆಯ ಕಿಟಕಿ ಗಾಜು ನಡುಗುವುದು ನಿಂತಿತು. ರಿಂಗ್ ರೋಡಿನ ತನಕ ಓಡಿಸಿದೆವು, ಬಿಸಿಲೇರುವ ತನಕ. ಬೇಕೆಂದೇ ಮಾರ್ಕೆಟ್ ಸರ್ಕಲ್ಲಿಗೆ ಹೋಗಿ ನಿಧಾನಕ್ಕೆ ಎರಡು ಸುತ್ತು ಹಾಕಿದೆ. ಪೊಲೀಸ್ ಅನುಮಾನದಿಂದ ನೋಡಿದ.

ಮರೆತೆ. ಹಾಕಿದೆ. ಹೊರಟಿತು. ಇಷ್ಟೇ ಆಗಿದ್ದರೆ ಸಾಕು.

ಏಪ್ರಿಲ್ 9, ಗುರುವಾರ

ಮಗಳಿಗೆ ಎಲ್ಲ ಹೇಳಿದೆ. ಪಾಯಿಂಟ್, ಹಿಮ್ಮಡಿ, ಗ್ರೀಸ್. ಸವೆದ ಹಳೆಯ ಪಾಯಿಂಟನ್ನು ಅವಳ ಅಂಗೈಯಲ್ಲಿಟ್ಟು ತೋರಿಸಿದೆ. ನ್ಯಾಯಾಲಯದಲ್ಲಿ ಸಾಕ್ಷಿ ಹಾಜರುಪಡಿಸಿದ ಹಾಗೆ. ಡಾಕ್ಟರ ವಿಷಯವನ್ನೂ ಹೇಳಿದೆ. ಅದಕ್ಕೆ ಮಾತ್ರ ಅವಳು ತಲೆ ಎತ್ತಿದಳು.

"ಒಬ್ಬಳೇ ಹೋದ್ಯಾ?"

"ಅಪ್ಪ ಬಂದಿದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನೂ ಅದನ್ನೇ ಅಂದ್ಕೊಂಡಿದೀಯ ಅಂತ ಹೆದರಿಕೆ ಆಯ್ತು."

ಅವಳು ಪಾಯಿಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾನು ಅದನ್ನ ಅಂದ್ಕೊಂಡಿರಲಿಲ್ಲಮ್ಮಾ. ನಿನ್ನ ತಲೆ ಬಗ್ಗೆ ನನಗೆ ಯಾವತ್ತೂ ಡೌಟ್ ಇಲ್ಲ. ನಾನು ಅಂದ್ಕೊಂಡಿದ್ದು ಒಂದೇ. ರೈಲು." ಆಮೇಲೆ: "ತಪ್ಪು ಗಾಡೀದೋ ನಿಂದೋ, ನನಗೆ ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ಅದಕ್ಕೆ ಯಾವ ಸ್ಕ್ರೂ ಬಿಗಿ ಮಾಡ್ಲಿ?"

ನನಗೂ ಅದೇ ಬರುತ್ತದೆ ಅಂದೆ. ಇನ್ನು ಮೇಲೆ ಎಲ್ಲೇ ನಿಂತರೂ ಮೊದಲು ಮಗುವನ್ನು ಎತ್ತಿಕೊಂಡು ಇಳಿಯುತ್ತೇನೆ, ಗಾಡಿ ಹಾಳಾಗಿ ಹೋಗಲಿ ಅಂದೆ. ಅವಳು ನನ್ನ ಗ್ರೀಸ್ ಹಿಡಿದ ಉಗುರುಗಳನ್ನು ನೋಡುತ್ತ ಕೂತಳು. ಅತ್ತಳು. ನಾನೂ. ಇವರು ಒಳಗಿನಿಂದ ಇಬ್ಬರಿಗೂ ಒಂದೊಂದು ಬಟ್ಟೆ ತುಂಡು ತಂದುಕೊಟ್ಟರು, ಡಾಕ್ಟರ ಮನೆಯ ಬೂದಿ ಬಣ್ಣದ್ದು.

ಪುಟ್ಟಿಯ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಆದರೂ ಎದೆ ಹಗುರ. ಇಷ್ಟು ದಿನ ಅವಳು ಬೇರೆ ಹೆದರಿಕೆಯಲ್ಲಿ, ನಾನು ಬೇರೆ ಹೆದರಿಕೆಯಲ್ಲಿ ಇದ್ದೆವು.

ಏಪ್ರಿಲ್ 12, ಭಾನುವಾರ

ಅಕ್ಕನ ಬಳಿ ಗಾಡಿಯಲ್ಲೇ ಹೋದೆ. ಒಂದು ಸುತ್ತು ಕರೆದೊಯ್ಯಲೇ ಎಂದು ಆಯಾಳನ್ನು ಕೇಳಿದೆ. ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಕೆರೆ ಏರಿಯ ಮೇಲೆ ಗಾಜು ಇಳಿಸಿದೆ. ಗಾಳಿಗೆ ಅವಳ ಜಡೆ ಬಿಚ್ಚಿಹೋಯಿತು. ವಾಪಸ್ ಬಂದಾಗ ಇಳಿಯಲೇ ಒಲ್ಲಳು. ಬಾಗಿಲ ಹಿಡಿ ಗಟ್ಟಿ ಹಿಡಿದು ಕೂತಳು. "ಇನ್ನೂ ಹೋಗ್ಬೇಕು. ನಾನು ಇಳಿಯಲ್ಲ ಅಂದ್ರೆ ಇಳಿಯಲ್ಲ."

ಆಯಾಗೆ ಗಾಬರಿ. ನನಗೆ ಎಷ್ಟು ಖುಷಿಯಾಯಿತೆಂದರೆ... ಬಂತಲ್ಲ ಹಟ! ಇನ್ನೊಂದು ಸುತ್ತು ಹೊಡೆದೆವು. ನಾನು ಯಾರೆಂದು ಅವಳಿಗೆ ಇವತ್ತೂ ತಿಳಿಯಲಿಲ್ಲ. ಡ್ರೈವರ್ ಅಂದುಕೊಂಡಳು. "ಚೆನ್ನಾಗಿ ಓಡಿಸ್ತೀರಿ" ಅಂದಳು.

ಏಪ್ರಿಲ್ 16, ಗುರುವಾರ, ಬೆಳಿಗ್ಗೆ

ನಿನ್ನೆ ಹಲ್ಲಿನ ಡಾಕ್ಟರ ಮನೆಗೆ ಹೊಸ ಪರದೆ ಹಾಕಿಬಂದೆ. ನೆಲಕ್ಕೆ ಸರಿಯಾಗಿ ತಾಗಿತು. ಆ ಗಿಡ್ಡನೆಯದನ್ನು ಎಸೆಯಲು ಮನಸ್ಸಿಲ್ಲ, ಅವರ ಅಡುಗೆಮನೆಯ ಸಣ್ಣ ಕಿಟಕಿಗೆ ಆದೀತು ಅಂದಿದ್ದಾರೆ. ಮಧ್ಯಾಹ್ನ ಅಳತೆಗೆ

ಮಗಳು ಬಂದಳು, ಅರ್ಧಕ್ಕೇ ಎದ್ದೆ. ಇವತ್ತು ಸ್ಕೂಲ್ ವ್ಯಾನ್ ಇಲ್ಲವಂತೆ, ಡ್ರೈವರ್ ರಜೆ. ಆಫೀಸಿಗೆ ಲೇಟು. ಪುಟ್ಟಿಯ ಬ್ಯಾಗು, ನೀರಿನ ಬಾಟಲಿ, ಪುಟ್ಟಿ, ಎಲ್ಲವನ್ನೂ ಬಾಗಿಲಲ್ಲೇ ನನ್ನ ಕೈಗೆ ತುರುಕಿದಳು. "ಸ್ಕೂಲಿಗೆ ಬಿಟ್ಬಿಡಮ್ಮಾ. ಸಾಯಂಕಾಲಾನೂ ನೀನೇ ಕರ್ಕೊಂಡ್ ಬಾ, ನಂದು ಮೀಟಿಂಗು." ಅಷ್ಟೇ. ಗೇಟು ತೆಗೆದಳು, ನಿಂತಳು. ಏನೋ ಹೇಳುತ್ತಾಳೆ ಅಂದುಕೊಂಡೆ. ಗಾಡಿಯ ಬಾನೆಟ್ ಮೇಲೆ ಅಂಗೈಯಿಂದ ಒಂದು ಸಲ ತಟ್ಟಿ, ತಿರುಗಿಯೂ ನೋಡದೆ ಹೋದಳು.

ಇವರು ಅಂಚು ಬಿಟ್ಟು ಎದ್ದು ಬಂದಿದ್ದಾರೆ. ಕೀ ಮೊಳೆಯಲ್ಲಿಲ್ಲ, ನನ್ನ ಕೈಯಲ್ಲೇ ಇದೆ. ಪುಟ್ಟಿ ಕೂಗುತ್ತಿದ್ದಾಳೆ, ಬೆಲ್ಟ್ ಹಾಕಿಯಾಯಿತಂತೆ, ಅಜ್ಜೀ ಬಾ ಅಜ್ಜೀ